ಬಿಚ್ಚಬೇಕಾದ ಹೊಲಿಗೆ, ಬಿಡಬೇಕಾದ ಹೊಲಿಗೆ

ಹೊಸದಾಗಿ ಒಂದು ಕೆಲಸವನ್ನು ಕೈಗೆತ್ತಿಕೊಂಡವರು ತಪ್ಪುವುದು ಸಹಜ. ಆ ತಪ್ಪುಗಳಲ್ಲಿ ಯಾವುದನ್ನು ತಿದ್ದಲೇಬೇಕು, ಯಾವುದನ್ನು ಹಾಗೆಯೇ ಬಿಟ್ಟು ಮುಂದೆ ಸಾಗಬೇಕು ಎಂಬುದು ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಎಲ್ಲವನ್ನೂ ತಿದ್ದಹೊರಟವರು ಯಾವುದನ್ನೂ ಮುಗಿಸುವುದಿಲ್ಲ. ಏನನ್ನೂ ತಿದ್ದಿಕೊಳ್ಳದವರು ಏನನ್ನೂ ಕಲಿಯುವುದಿಲ್ಲ. ಅಡುಗೆಮನೆಯಲ್ಲಿ, ಹೊಲದಲ್ಲಿ, ಶಾಲೆಯಲ್ಲಿ, ಸಂಸಾರದಲ್ಲಿ ಈ ಪ್ರಶ್ನೆ ದಿನವೂ ನಮ್ಮೆದುರು ಬಂದು ನಿಲ್ಲುತ್ತದೆ. ನಾವು ಹೆಚ್ಚಾಗಿ ಅದಕ್ಕೆ ಆ ಹೊತ್ತಿನ ಮನಸ್ಸಿನಂತೆ ಉತ್ತರ ಕೊಟ್ಟುಬಿಡುತ್ತೇವೆ. ಸಿಟ್ಟು ಬಂದ ದಿನ ಮಕ್ಕಳ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ದಣಿದ ದಿನ ನಮ್ಮ ದೊಡ್ಡ ತಪ್ಪೂ ಕಣ್ಣಿಗೆ ಬೀಳುವುದಿಲ್ಲ.

ಇಂಥ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಚರ್ಚಿಸುವುದಕ್ಕಿಂತ ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತುವೊಂದರ ಮೂಲಕ ಪರಿಶೀಲಿಸುವುದು ಲೇಸು. ನಮ್ಮ ಅಜ್ಜಿಯರ ಕಾಲದಿಂದ ಮನೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟಿರುವ ಕೌದಿ ಅದಕ್ಕೆ ತಕ್ಕ ವಸ್ತುವೆಂದು ತೋರುತ್ತದೆ. ಕೌದಿ ಹೊಲಿಯಲು ಕಲಿಯತೊಡಗಿದವಳ ಕಷ್ಟಗಳು ಸಣ್ಣವು. ಆದರೆ ಅವು ಎತ್ತುವ ಪ್ರಶ್ನೆ ಸಣ್ಣದಲ್ಲ.

ಹಳೆಯ ಬಟ್ಟೆಯ ಎರಡನೆಯ ಬಾಳು

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಉಟ್ಟು ಒಗೆದು ಮೆತ್ತಗಾದ ಸೀರೆ, ಅಂಚು ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಲಂಗ, ಮೊಣಕೈಯಲ್ಲಿ ಸವೆದ ಅಂಗಿ, ಗುಳೇದಗುಡ್ಡದ ಕುಬಸದ ಖಣದಲ್ಲಿ ಉಳಿದ ತುಂಡು, ಇಳಕಲ್ ಸೀರೆಯ ಸೆರಗು, ಇವೆಲ್ಲ ಅಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಇದೇ ಬಗೆಯ ಕೆಲಸಕ್ಕೆ ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ ಎಂಬ ಹೆಸರುಗಳಿವೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನರು ಇದನ್ನು ಕವಂದಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಮೂಲ ಒಂದೇ. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ, ಚಳಿಯನ್ನು ತಡೆಯಲೇಬೇಕಾಗಿದ್ದ ಮನೆಗಳಲ್ಲಿ, ಯಾವ ಚಿಂದಿಯನ್ನೂ ಎಸೆಯಲು ಮನಸ್ಸಾಗದ ತಾಯಂದಿರು ಕಂಡುಕೊಂಡ ದಾರಿಯಿದು.

ಕೌದಿ ಹೊಲಿಯುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಾಶ್ಚಾತ್ಯ ದೇಶಗಳ ತುಂಡುಬಟ್ಟೆಯ ಹೊದಿಕೆಗಳಲ್ಲಿ ಸಾಮಾನ್ಯವಾಗಿ ಮೇಲಿನ ಪದರವನ್ನು ಮೊದಲು ತುಂಡು ತುಂಡಾಗಿ ಜೋಡಿಸಿ ಪೂರ್ತಿಗೊಳಿಸುತ್ತಾರೆ. ಆಮೇಲೆ ನಡುವಿನ ಹತ್ತಿಯ ಪದರವನ್ನೂ ಅಡಿಬಟ್ಟೆಯನ್ನೂ ಸೇರಿಸಿ ಹೊಲಿಯುತ್ತಾರೆ. ಸಿದ್ದಿ ಹೆಂಗಸರ ಪದ್ಧತಿ ಬೇರೆ. ಒಂದು ಹಳೆಯ ಸೀರೆಯನ್ನು ಅಡಿಗೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ತುಂಡುಗಳ ಅಂಚನ್ನು ಒಳಕ್ಕೆ ಮಡಿಸುತ್ತ, ನೇರವಾಗಿ ಆ ಅಡಿಬಟ್ಟೆಗೇ ಹೊಲಿಯುತ್ತ ಹೋಗುತ್ತಾರೆ. ಸೂಜಿ ಮೇಲೆ ಕೆಳಗೆ ಹಾದು ಸಾಗುವ ಸಾದಾ ಹೊಲಿಗೆಯೇ ಇಲ್ಲಿ ಎಲ್ಲವೂ. ಹೊರಗಿನ ಅಂಚನ್ನು ಸುತ್ತಿ ಬಂದ ಸಾಲಿನ ಒಳಗೆ ಇನ್ನೊಂದು ಸಾಲು, ಅದರೊಳಗೆ ಮತ್ತೊಂದು ಸಾಲು. ಹೀಗೆ ಅಂಚಿನಿಂದ ನಡುವಿನ ಕಡೆಗೆ ಕೆಲಸ ಸಾಗುತ್ತದೆ. ಪದರಗಳನ್ನು ಜೋಡಿಸುವ ಹೊಲಿಗೆಯೂ ಅದೇ, ತುಂಡನ್ನು ಕೂಡಿಸುವ ಹೊಲಿಗೆಯೂ ಅದೇ, ಕಣ್ಣಿಗೆ ಕಾಣುವ ಅಲಂಕಾರವೂ ಅದೇ.

ಹೊಸಬಳ ಕೈ

ಈ ಕೆಲಸ ನೋಡುವವರಿಗೆ ಸುಲಭ. ಕೂತು ಹೊಲಿಯತೊಡಗಿದಾಗ ಕಷ್ಟ ತಿಳಿಯುತ್ತದೆ. ಮೊದಲನೆಯ ಕಷ್ಟ ದಾರದ್ದು. ಪದೇ ಪದೇ ಸೂಜಿಗೆ ಪೋಣಿಸುವ ಬೇಸರಕ್ಕೆ ಹೊಸಬಳು ಉದ್ದ ದಾರ ತೆಗೆದುಕೊಳ್ಳುತ್ತಾಳೆ. ಅದು ತನಗೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಒಂದು ತೋಳಿನಷ್ಟು ದಾರವೇ ಸಾಕೆಂಬುದು ನಾಲ್ಕು ಸಲ ಗಂಟು ಬಿಡಿಸಿದ ಮೇಲೆ ತಿಳಿಯುವ ವಿಷಯ. ಎರಡನೆಯದು ಬಿಗಿತ. ದಾರವನ್ನು ಜೋರಾಗಿ ಎಳೆದರೆ ಬಟ್ಟೆ ನೆರಿಗೆಗಟ್ಟುತ್ತದೆ; ಸಡಿಲ ಬಿಟ್ಟರೆ ಹೊಲಿಗೆ ಮೇಲೆದ್ದು ಕುಣಿಕೆಯಾಗುತ್ತದೆ. ಮೂರನೆಯದು ನೋವು. ಮೂರು ನಾಲ್ಕು ಪದರಗಳ ಮೂಲಕ ಸೂಜಿಯನ್ನು ತಳ್ಳುವಾಗ ಅದರ ಹಿಂತುದಿ ಬೆರಳಿಗೆ ನಾಟುತ್ತದೆ. ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ ಇದ್ದರೂ ಅದು ರೂಢಿಯಾಗುವವರೆಗೆ ಅಡಚಣೆಯೇ.

ಬಟ್ಟೆಯ ಆಯ್ಕೆಯ ಕಷ್ಟ ಇದಕ್ಕಿಂತ ಹೆಚ್ಚಿನದು. ಕಣ್ಣಿಗೆ ಚೆಂದ ಕಂಡ ನಯವಾದ ಪಾಲಿಯೆಸ್ಟರ್ ತುಂಡು ಹತ್ತಿಯ ಬಟ್ಟೆಯ ಮೇಲೆ ನಿಲ್ಲದೆ ಜಾರುತ್ತದೆ. ನೂಲಿನ ಎಳೆಗೆ ಅಡ್ಡಾದಿಡ್ಡಿಯಾಗಿ ಕತ್ತರಿಸಿದ ತುಂಡು ಎಳೆದಂತೆಲ್ಲ ಹಿಗ್ಗುತ್ತದೆ. ಗಾಢ ಬಣ್ಣದ ಹೊಸ ಬಟ್ಟೆ ಮೊದಲ ಒಗೆತದಲ್ಲಿ ಬಣ್ಣ ಬಿಟ್ಟು ಪಕ್ಕದ ಬಿಳಿಯನ್ನು ಕೆಡಿಸುತ್ತದೆ. ತೀರ ಸವೆದ ಬಟ್ಟೆ ಸೂಜಿ ಹೋದ ಕಡೆಯೇ ಹರಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸುಕ್ಕು. ಅಂಚಿನಿಂದ ನಡುವಿಗೆ ಹೊಲಿಯುವ ಕ್ರಮದಲ್ಲಿ ಮೊದಲ ಸಾಲಿನ ಒಂದು ಸಣ್ಣ ಸುಕ್ಕನ್ನು ಅಲ್ಲಿಯೇ ಸಮಗೊಳಿಸದಿದ್ದರೆ ಅದು ಮಾಯವಾಗುವುದಿಲ್ಲ. ಮುಂದಿನ ಸಾಲಿಗೆ ಸರಿಯುತ್ತದೆ. ಹೊಸಬಳು ಅಂಗೈಯಿಂದ ಒರೆಸಿ ಅದನ್ನು ಒಳಕ್ಕೆ ತಳ್ಳುತ್ತಾಳೆ, ಆ ಕ್ಷಣಕ್ಕೆ ಅಂಚು ಸಪಾಟಾಗಿ ಕಾಣುತ್ತದೆ. ಹೀಗೆ ತಳ್ಳುತ್ತ ತಳ್ಳುತ್ತ ನಡುವಿಗೆ ಬಂದಾಗ ಎಲ್ಲ ಸುಕ್ಕುಗಳೂ ಒಟ್ಟುಗೂಡಿ ಅಲ್ಲೊಂದು ಗುಡ್ಡವಾಗಿರುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಆರಂಭದಲ್ಲಿಯೇ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ನಿಲ್ಲಿಸುತ್ತಾರೆ. ಅಷ್ಟಾದರೂ ಸುಕ್ಕು ಬಂದರೆ ಪ್ರತಿ ಸಾಲಿನಲ್ಲಿಯೂ ಅದರ ಒಂದಿಷ್ಟು ಪಾಲನ್ನು ಹೊಲಿಗೆಯಲ್ಲಿ ಹೀರಿಕೊಂಡು ಮುಂದೆ ಸಾಗುತ್ತಾರೆ.

ಒಂದು ಸಾಮತಿಯ ಹಿಂದಿನ ಅನುಭವ

ಹಳೆಯ ಬಟ್ಟೆಗೆ ಹೊಸ ತೇಪೆ ಹಾಕುವ ಕಷ್ಟ ಯೇಸುಸ್ವಾಮಿಗೂ ತಿಳಿದಿತ್ತು. ಮಾರ್ಕನು ಬರೆದ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಬರುವ ಆ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ಮತ್ತಾಯ ಮತ್ತು ಲೂಕರೂ ಅದನ್ನು ದಾಖಲಿಸಿದ್ದಾರೆ. ನೀರು ಕಾಣದ ಹೊಸ ಬಟ್ಟೆಯ ತುಂಡನ್ನು ಹಳೆಯ ಉಡುಪಿಗೆ ಹಚ್ಚಿದರೆ ಆ ಹೊಸ ತುಂಡು ಹಳೆಯದನ್ನು ಎಳೆದು ಹರಿಯುತ್ತದೆ, ಹರಕು ಮೊದಲಿಗಿಂತ ದೊಡ್ಡದಾಗುತ್ತದೆ ಎಂಬುದು ಅದರ ತಿರುಳು. ಬೋಧನೆಯಾಗಿ ಅದಕ್ಕೆ ಆಳವಾದ ಅರ್ಥವಿದೆ. ಆದರೆ ಹೊಲಿಯುವವರಿಗೆ ಅದರ ಮೇಲ್ಮೈಯ ಅರ್ಥವೇ ದಿನನಿತ್ಯದ ಸತ್ಯ. ಹೊಸ ಹತ್ತಿಬಟ್ಟೆ ನೀರು ಬಿದ್ದಾಗ ಕುಗ್ಗುತ್ತದೆ. ಹಳೆಯದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಎರಡನ್ನೂ ಸೇರಿಸಿ ಹೊಲಿದರೆ ಬಲವುಳ್ಳ ಹೊಸದು ಬಲವಿಲ್ಲದ ಹಳೆಯದನ್ನು ಎಳೆಯುತ್ತದೆ. ಆದ್ದರಿಂದಲೇ ಅನುಭವಿಗಳು ಹೊಸ ತುಂಡನ್ನು ಒಂದೆರಡು ಸಲ ಒಗೆದು ಒಣಗಿಸಿ ಆಮೇಲೆ ಕೌದಿಗೆ ಬಳಸುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತೇಪೆ ಹಚ್ಚಿದವನ ಉದ್ದೇಶ ಒಳ್ಳೆಯದೇ. ಹರಿದುದನ್ನು ಕೂಡಿಸಬೇಕೆಂದೇ ಅವನು ಸೂಜಿ ಹಿಡಿದನು. ಆದರೂ ಕೇಡು ಹೆಚ್ಚಿತು. ಸರಿಪಡಿಸುವ ಬಯಕೆ ಇದ್ದಷ್ಟಕ್ಕೇ ಸಾಲದು. ಯಾವುದಕ್ಕೆ ತೇಪೆ ಹಚ್ಚುತ್ತಿದ್ದೇವೋ ಅದರ ಸ್ಥಿತಿ ತಿಳಿದಿರಬೇಕು. ತಿದ್ದುವಿಕೆಯಿಂದಲೂ ಗಾಯವಾಗಬಹುದೆಂಬ ಈ ಎಚ್ಚರ ನಮ್ಮ ಪ್ರಶ್ನೆಗೆ ತೀರ ಹತ್ತಿರದ್ದು.

ಬಿಚ್ಚುವುದಕ್ಕೂ ಒಂದು ಬೆಲೆ

ಹೊಸಬಳ ಹೊಲಿಗೆ ವಕ್ರವಾಗಿ ಹೋಯಿತು ಎಂದಿಟ್ಟುಕೊಳ್ಳೋಣ. ಅವಳ ಮುಂದೆ ಎರಡು ದಾರಿಗಳಿವೆ. ಒಂದು, ಬಿಚ್ಚಿ ಮತ್ತೆ ಹೊಲಿಯುವುದು. ಇನ್ನೊಂದು, ಹಾಗೆಯೇ ಬಿಟ್ಟು ಮುಂದುವರಿಯುವುದು. ಹೊಲಿಗೆ ಬಿಚ್ಚುವುದು ಹಲಗೆಯ ಮೇಲಿನ ಬರಹವನ್ನು ಅಳಿಸಿದಷ್ಟು ನಿರಪಾಯವಲ್ಲ. ಸೂಜಿ ಹಾದುಹೋದ ಕಡೆ ತೂತು ಉಳಿದಿರುತ್ತದೆ. ಗಟ್ಟಿ ಬಟ್ಟೆಯಲ್ಲಿ ಅದು ಒಗೆದಾಗ ಮುಚ್ಚಿಕೊಂಡೀತು. ಸವೆದ ಬಟ್ಟೆಯಲ್ಲಿ ಒಂದೇ ಜಾಗದಲ್ಲಿ ಮೂರು ಸಲ ಬಿಚ್ಚಿ ಹೊಲಿದರೆ ಆ ಸಾಲಿನುದ್ದಕ್ಕೂ ಬಟ್ಟೆ ಜಾಳಾಗಿ, ಕೊನೆಗೆ ಹರಿದು ಬರುತ್ತದೆ. ಹೊಲಿಗೆಯನ್ನು ನೇರವಾಗಿಸುವ ಹಟದಲ್ಲಿ ಬಟ್ಟೆಯೇ ಇಲ್ಲದಂತಾಗುತ್ತದೆ.

ಈ ಅಪಾಯ ಕಂಡು ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಹೇಗೂ ಚಿಂದಿಬಟ್ಟೆ, ಹೇಗೂ ನೆಲಕ್ಕೆ ಹಾಸುವುದು, ಹೇಗಿದ್ದರೇನು ಎನ್ನುತ್ತಾರೆ. ಇದು ವಿನಯದ ಮಾತಿನಂತೆ ಕೇಳಿಸಿದರೂ ವಿನಯವಲ್ಲ. ಗಂಟು ಹಾಕದೆ ಬಿಟ್ಟ ದಾರ ಒಂದು ತಿಂಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಆಗ ಚಳಿಯಲ್ಲಿ ನಡುಗುವುದು ಹೊಲಿದವಳಲ್ಲ, ಹೊದ್ದವನು.

ಹಾಗಾದರೆ ಈ ಎರಡು ತುದಿಗಳ ನಡುವೆ ನಿರ್ಧರಿಸಲು ಅಳತೆಗೋಲು ಯಾವುದು? ಕೌದಿಯೇ ಅದಕ್ಕೆ ಉತ್ತರ ಸೂಚಿಸುತ್ತದೆ. ಕೌದಿ ಯಾರಿಗಾಗಿಯೋ ಆಗುವ ವಸ್ತು. ಅದರ ಅಡಿಯಲ್ಲಿ ಒಬ್ಬರು ಮಲಗುತ್ತಾರೆ. ಆದ್ದರಿಂದ ಪ್ರತಿಯೊಂದು ತಪ್ಪಿನ ಎದುರೂ ಕೇಳಬೇಕಾದ ಪ್ರಶ್ನೆ ಇಷ್ಟೇ: ಈ ತಪ್ಪಿನಿಂದ ನೋಯುವವರು ಯಾರು, ಮಲಗುವವರೋ ಅಥವಾ ನಾನೋ? ಮಲಗುವವರು ನೋಯುವುದಾದರೆ ಎಷ್ಟೇ ಶ್ರಮವಾದರೂ ಬಿಚ್ಚಬೇಕು. ನೋಯುವುದು ನನ್ನ ಅಭಿಮಾನ ಮಾತ್ರವೇ ಆಗಿದ್ದರೆ ಬಿಡಬೇಕು.

ಈ ಅಳತೆಗೋಲನ್ನು ಇಟ್ಟು ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ. ಸಾಲು ಡೊಂಕಾಗಿದ್ದರೆ ಹೊದ್ದವರಿಗೆ ಚಳಿ ಹೆಚ್ಚಾಗುವುದಿಲ್ಲ, ಅದು ಇರಲಿ. ಕೆಂಪಿನ ಪಕ್ಕ ಹೊಂದದ ಬಣ್ಣ ಬಿದ್ದರೆ ನಿದ್ದೆ ಕೆಡುವುದಿಲ್ಲ, ಅದೂ ಇರಲಿ. ಆದರೆ ಸಡಿಲವಾಗಿ ಮೇಲೆದ್ದ ಕುಣಿಕೆಯಲ್ಲಿ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳಬಹುದು. ಅದನ್ನು ಆ ರಾತ್ರಿಯೇ ಬಿಚ್ಚಬೇಕು. ಮಡಿಸದೆ ಬಿಟ್ಟ ಅಂಚಿನ ಎಳೆ ಒಗೆದಂತೆಲ್ಲ ಬಿಡುತ್ತ ಹೋಗುತ್ತದೆ. ಅದನ್ನು ಮಡಿಸಿ ಹೊಲಿಯಬೇಕು. ನಡುವಿನಲ್ಲಿ ಗುಡ್ಡವಾದ ಸುಕ್ಕು ಮುದುಕರ ಬೆನ್ನಿಗೆ ಒತ್ತುತ್ತದೆ. ಕಣ್ಣಿಗೆ ಕಾಣದಂತೆ ಅದರ ಮೇಲೊಂದು ಬಣ್ಣದ ತುಂಡು ಹಚ್ಚಿ ಮುಚ್ಚಿದರೆ ಸಾಲದು, ಹಿಂದಕ್ಕೆ ಹೋಗಿ ಸರಿಪಡಿಸಬೇಕು. ತೊಟ್ಟಿಲಿನ ಕೌದಿಯಲ್ಲಿ ಮುರಿದ ಸೂಜಿಯ ತುಂಡು ಉಳಿದಿರಬಹುದೆಂಬ ಸಂಶಯ ಬಂದರಂತೂ ಇಡೀ ಕೌದಿಯನ್ನೇ ಬಿಚ್ಚಿದರೂ ತಪ್ಪಿಲ್ಲ.

ವಿಚಿತ್ರವೆಂದರೆ ನಾವು ಹೆಚ್ಚಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ. ನಾಲ್ಕು ಜನರ ಕಣ್ಣಿಗೆ ಬೀಳುವ ಡೊಂಕನ್ನು ಹಟ ಹಿಡಿದು ತಿದ್ದುತ್ತೇವೆ. ಅಡಿಯಲ್ಲಿ ಅಡಗಿದ ಸಡಿಲ ಗಂಟನ್ನು ಯಾರೂ ನೋಡುವುದಿಲ್ಲವೆಂದು ಬಿಡುತ್ತೇವೆ. ಮದುವೆಯ ಮನೆಯಲ್ಲಿ ಬಂದವರ ಎದುರು ಮಗ ತಪ್ಪಿ ಆಡಿದ ಮಾತನ್ನು ತಿದ್ದಲು ಕೂಡಲೇ ಮುಂದಾಗುತ್ತೇವೆ; ಅದೇ ಮಗ ಮನೆಗೆಲಸದವಳನ್ನು ಏಕವಚನದಲ್ಲಿ ಗದರಿದರೆ ಕೇಳಿಸದವರಂತೆ ಇರುತ್ತೇವೆ. ಮೊದಲನೆಯದರಿಂದ ನೋಯುವುದು ನಮ್ಮ ಮರ್ಯಾದೆ, ಎರಡನೆಯದರಿಂದ ನೋಯುವುದು ಇನ್ನೊಬ್ಬರ ಮನಸ್ಸು.

ಹೂವಿಲ್ಲದ ಕವಂದಿ

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಬೆಚ್ಚಗಿದ್ದರೆ ಸಾಕೆಂದಾದರೆ ಅಂದಕ್ಕೆ ಬೆಲೆಯೇ ಇಲ್ಲವೇ? ಬಣ್ಣ ಹೊಂದಿಸುವುದು, ಸಾಲು ನೇರ ಬರಲೆಂದು ಶ್ರಮಿಸುವುದು ಬರಿಯ ಹೆಮ್ಮೆಯೇ? ಇದಕ್ಕೆ ಸಿದ್ದಿ ಹೆಂಗಸರ ಕೆಲಸದಲ್ಲಿ ಉತ್ತರವಿದೆ.

ಸಿದ್ದಿಯರು ಆಫ್ರಿಕಾ ಮೂಲದವರು. ಅವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವೆಗೆ ತರಲಾಗಿತ್ತು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟದ ಕಾಡುಗಳನ್ನು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಅವರ ಊರುಗಳಿವೆ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕಥೋಲಿಕ ಸಿದ್ದಿ ಮಹಿಳೆಯರ ಕವಂದಿಗಳಲ್ಲಿ ಶಿಲುಬೆಯ ಆಕಾರವನ್ನೂ ಮುಸಲ್ಮಾನ ಮಹಿಳೆಯರ ಕವಂದಿಗಳಲ್ಲಿ ಅರ್ಧಚಂದ್ರನ ಆಕಾರವನ್ನೂ ಕಾಣಬಹುದು. ಹೊಲಿಗೆಯ ರೀತಿ ಮಾತ್ರ ಎಲ್ಲರದೂ ಒಂದೇ.

ಕವಂದಿ ಮುಗಿಯುವ ಮುನ್ನ ಅದರ ನಾಲ್ಕು ಮೂಲೆಗಳಿಗೆ, ಬಟ್ಟೆಯನ್ನು ಪದರ ಪದರವಾಗಿ ಮಡಿಸಿ ಮಾಡಿದ ಸಣ್ಣ ತ್ರಿಕೋನಗಳನ್ನು ಹಚ್ಚುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ, ಅಂದರೆ ಹೂವು. ಈ ಹೂವಿಲ್ಲದ ಕವಂದಿ ಬತ್ತಲೆಯಾಗಿದೆಯೆಂಬುದು ಅವರ ಭಾವನೆ. ಚಳಿ ತಡೆಯುವುದರಲ್ಲಿ ಆ ನಾಲ್ಕು ತುಂಡುಗಳ ಪಾಲು ಏನೂ ಇಲ್ಲ. ಆದರೂ ಕೂಲಿ ಮಾಡಿ ದಣಿದು ಬಂದ ಹೆಂಗಸು ಅದನ್ನು ಬಿಡುವುದಿಲ್ಲ. ಬೆಚ್ಚನೆಯ ಹೊದಿಕೆ ಕೊಟ್ಟರೆ ಮಲಗುವವರ ಶರೀರಕ್ಕೆ ಸಾಕಾದೀತು, ಆದರೆ ಅವರು ಬರಿಯ ಶರೀರವಲ್ಲ ಎಂಬುದನ್ನು ಅವಳು ಬಲ್ಲಳು. ಮೂಲೆಯ ಹೂವು ಆ ತಿಳಿವಳಿಕೆಯ ಗುರುತು.

ಆದ್ದರಿಂದ ಅಂದವೂ ಮಲಗುವವರಿಗೆ ಸಲ್ಲಬೇಕಾದ ಪಾಲೇ. ಹೊಲಿದವಳ ಕೈಗೆ ಸಾಧ್ಯವಾದಷ್ಟು ಅಂದವನ್ನು ಅವಳು ಕೊಡಬೇಕು. ಕೈಗೆ ಇನ್ನೂ ಸಾಧ್ಯವಾಗದ ಅಂದಕ್ಕಾಗಿ ಬಟ್ಟೆಯನ್ನು ಹರಿಯಬಾರದು. ನೂರು ಕೌದಿ ಹೊಲಿದವಳ ನೇರ ಸಾಲನ್ನು ಮೊದಲ ಕೌದಿಯಲ್ಲಿಯೇ ತೋರಿಸಬೇಕೆಂಬ ಹಂಬಲದಲ್ಲಿ ಪ್ರೀತಿಗಿಂತ ಪೈಪೋಟಿಯೇ ಹೆಚ್ಚು.

ಕಡಲಾಚೆಯ ಒಂದು ನಿದರ್ಶನ ಈ ಮಾತಿಗೆ ಹೊಂದುತ್ತದೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿಯ ಜನರೂ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಸಂತತಿ. ಬಡತನದಲ್ಲಿ ಅಲ್ಲಿಯ ಹೆಂಗಸರು ಹೊಲದ ಕೆಲಸದ ಹಳೆಯ ಉಡುಪುಗಳಿಂದ ಹೊದಿಕೆಗಳನ್ನು ಹೊಲಿದರು. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ, ತೀರಿಹೋದ ತನ್ನ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದು ಹೊದಿಕೆ ಮಾಡಿದಳು. ಅದನ್ನು ಹೊದ್ದು ಅವನ ನೆನಪಿನಲ್ಲಿ ಮಲಗಬೇಕೆಂಬುದು ಅವಳ ಆಸೆ. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯದಲ್ಲಿ ಜೀಸ್ ಬೆಂಡ್‌ನ ಹೊದಿಕೆಗಳ ಪ್ರದರ್ಶನ ನಡೆಯಿತು. ಅದೇ ವರ್ಷ ಅವು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೂ ಹೋದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಡೊಂಕು ಗೆರೆಗಳೂ ಒಂದೇ ಅಳತೆಯಿಲ್ಲದ ತುಂಡುಗಳೂ ಅಲ್ಲಿ ಮೆಚ್ಚುಗೆ ಪಡೆದವು. ಆದರೆ ನಾವು ನೆನಪಿಡಬೇಕಾದ್ದು ಬೇರೆ. 1942ರಲ್ಲಿ ಸೂಜಿ ಹಿಡಿದ ಆ ವಿಧವೆಯ ಕಣ್ಣೆದುರು ಯಾವ ಸಂಗ್ರಹಾಲಯವೂ ಇರಲಿಲ್ಲ. ಗಂಡನ ಷರಾಯಿಯ ಸವೆದ ಮೊಣಕಾಲಿನ ಭಾಗವಿತ್ತು, ಒಂದು ಹಾಸಿಗೆಯಿತ್ತು.

ಕಲಿಸುವವರ ಪ್ರಲೋಭನೆ

ಇದುವರೆಗೆ ಕಲಿಯುವವಳ ಕರ್ತವ್ಯವನ್ನು ಕುರಿತು ಯೋಚಿಸಿದೆವು. ಕಲಿಸುವವರಿಗೂ ಒಂದು ಕಠಿಣ ಪರೀಕ್ಷೆಯಿದೆ. ಸೊಸೆಯೋ ಮೊಮ್ಮಗಳೋ ಹಗಲೆಲ್ಲ ಕೂತು ಒಂದು ಮೂಲೆ ಹೊಲಿದಿದ್ದಾಳೆ. ಅದು ಡೊಂಕಾಗಿದೆ. ರಾತ್ರಿ ಅವಳು ಮಲಗಿದ ಮೇಲೆ, ಕೈ ಪಳಗಿದ ಅತ್ತೆಯೋ ಅಜ್ಜಿಯೋ ಅದನ್ನು ಸದ್ದಿಲ್ಲದೆ ಬಿಚ್ಚಿ ನೇರವಾಗಿ ಹೊಲಿದಿಟ್ಟರೆ ಅದು ದಯೆಯೋ, ಅನ್ಯಾಯವೋ?

ಮೇಲುನೋಟಕ್ಕೆ ದಯೆಯಂತೆಯೇ ಕಾಣುತ್ತದೆ. ಗದರಲಿಲ್ಲ, ಅಣಕಿಸಲಿಲ್ಲ, ನಾಲ್ಕು ಜನರ ಮುಂದೆ ಅವಮಾನಿಸಲಿಲ್ಲ. ಆದರೆ ಬೆಳಗಾಗೆದ್ದು ಆ ಮೂಲೆಯನ್ನು ನೋಡಿದವಳು ಎರಡರಲ್ಲೊಂದು ಪಾಠ ಕಲಿಯುತ್ತಾಳೆ. ಬದಲಾವಣೆ ಅವಳ ಗಮನಕ್ಕೆ ಬಾರದಿದ್ದರೆ ತನಗೆ ಕೆಲಸ ಬಂದಿತೆಂದು ನಂಬಿ ಮುಂದೆ ಎಲ್ಲೋ ಒಬ್ಬಳೇ ಇರುವಾಗ ಸೋಲುತ್ತಾಳೆ. ಗಮನಕ್ಕೆ ಬಂದರೆ ತನ್ನ ಕೆಲಸ ಈ ಮನೆಯಲ್ಲಿ ಉಳಿಯುವುದಕ್ಕೆ ಯೋಗ್ಯವಲ್ಲವೆಂದು ತಿಳಿದು ಸೂಜಿಯನ್ನೇ ಕೆಳಗಿಡುತ್ತಾಳೆ. ಎರಡರಿಂದಲೂ ನಷ್ಟವೇ. ಅದರ ಬದಲು ಹಗಲಿನಲ್ಲಿ ಪಕ್ಕದಲ್ಲಿ ಕೂತು, 'ಈ ಡೊಂಕು ಇರಲಿ ಬಿಡವ್ವಾ, ಆದರ ಈ ಗಂಟು ಮಾತ್ರ ಬಿಚ್ಚು, ಇಲ್ಲಾಂದ್ರ ಕೂಸಿನ ಬೆರಳು ಸಿಗತೈತಿ' ಎಂದು ಹೇಳಿದರೆ ಅವಳ ಹೊಲಿಗೆಯೂ ಉಳಿಯುತ್ತದೆ, ವಿವೇಕವೂ ಬೆಳೆಯುತ್ತದೆ. ಯಾವುದನ್ನು ತಿದ್ದಬೇಕು ಎಂಬುದರ ಜೊತೆಗೆ ಯಾವುದನ್ನು ಬಿಡಬಹುದು ಎಂಬುದನ್ನೂ ಕಲಿಸದವರು ಅರ್ಧ ಮಾತ್ರ ಕಲಿಸಿದಂತೆ.

ತಂದೆತಾಯಿಗಳು ಇದನ್ನು ವಿಶೇಷವಾಗಿ ಆಲೋಚಿಸಬೇಕು. ಮಗುವಿನ ಚಿತ್ರವನ್ನು ತಾವೇ ಬರೆದು ಶಾಲೆಗೆ ಕಳುಹಿಸುವುದು, ಮಗಳು ಮಾಡಿದ ಮೊದಲ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ತಾವು ತಟ್ಟಿದ್ದನ್ನು ಬಡಿಸುವುದು, ಮಗ ಬರೆದ ಅರ್ಜಿಯನ್ನು ಅವನಿಗೆ ತೋರಿಸದೆ ತಿದ್ದಿ ಕಳುಹಿಸುವುದು, ಇವೆಲ್ಲ ರಾತ್ರಿ ಬಿಚ್ಚಿ ಹೊಲಿಯುವ ಜಾತಿಗೇ ಸೇರಿದವು. ಅಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಅವರು ಕಲಿಯುವವರೆಗೆ ಕಾಯುವ ತಾಳ್ಮೆ ಇಲ್ಲ, ಅವರ ಡೊಂಕನ್ನು ಲೋಕದ ಎದುರು ತಮ್ಮದೆಂದು ಒಪ್ಪಿಕೊಳ್ಳುವ ಧೈರ್ಯವೂ ಇಲ್ಲ.

ಮಾರುವ ಕೌದಿಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಮನೆಯವರಿಗಾಗಿ ಹೊಲಿದದ್ದು ಬೇರೆ, ಹಣಕ್ಕಾಗಿ ಹೊಲಿದದ್ದು ಬೇರೆ. ಹೊಸಬಳು ತನ್ನ ಮೊದಲ ಕೌದಿಯನ್ನು ಮಾರುವುದಾದರೆ ಅದರ ಸ್ಥಿತಿಯನ್ನು ಕೊಳ್ಳುವವರಿಗೆ ತಿಳಿಸಬೇಕು. ಕಲಿಯುತ್ತಿದ್ದೇನೆಂಬುದು ಕೊರತೆಯನ್ನು ಮುಚ್ಚಿಡಲು ನೆಪವಾಗಬಾರದು. ಹಾಗೆಯೇ ಕೊಳ್ಳುವವರಿಗೂ ಒಂದು ಕರ್ತವ್ಯವಿದೆ. ವಾರಗಟ್ಟಲೆ ಕೈಯಿಂದ ಹೊಲಿದ ಕೌದಿಯನ್ನು ಹಿಡಿದು, ಹಳೆಯ ಬಟ್ಟೆಗೆ ಇಷ್ಟೊಂದು ಬೆಲೆಯೇ ಎಂದು ಚೌಕಾಸಿಗೆ ಇಳಿಯುವವರು ಬಟ್ಟೆಯನ್ನು ಮಾತ್ರ ನೋಡಿದರು, ದಿನಗಳನ್ನು ನೋಡಲಿಲ್ಲ.

ಜೊಪ್ಪದ ವಿಧವೆಯರ ಸಾಕ್ಷ್ಯ

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಜೊಪ್ಪ ಪಟ್ಟಣದ ತಬಿಥಾಳ ವೃತ್ತಾಂತ ಬರುತ್ತದೆ. ಆಕೆ ಸತ್ಕಾರ್ಯಗಳಲ್ಲಿಯೂ ದಾನಧರ್ಮದಲ್ಲಿಯೂ ನಿರತಳಾಗಿದ್ದವಳು. ಆಕೆ ತೀರಿಕೊಂಡಾಗ ಸಂತ ಪೇತ್ರರು ಅಲ್ಲಿಗೆ ಬಂದರು. ಆಗ ವಿಧವೆಯರು ಅಳುತ್ತ ಸುತ್ತ ನಿಂತು, ಆಕೆ ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ ಅವರಿಗೆ ತೋರಿಸಿದರು. ಆ ಹೊಲಿಗೆ ಎಷ್ಟು ನೇರವಾಗಿತ್ತೆಂದು ಗ್ರಂಥ ಹೇಳುವುದಿಲ್ಲ. ಆಕೆಯ ಕುಶಲತೆಯನ್ನು ಹೊಗಳಲು ಬೇರೆ ದರ್ಜಿಗಳು ಬಂದಿದ್ದರೆಂದೂ ಹೇಳುವುದಿಲ್ಲ. ಸಾಕ್ಷ್ಯ ನುಡಿದವರು ಆ ಬಟ್ಟೆಯನ್ನು ತೊಟ್ಟವರು. ಮಾಡಿದ ಕೆಲಸದ ಬಗ್ಗೆ ಕೊನೆಯ ಮಾತು ಹೇಳುವ ಅಧಿಕಾರ ಯಾರದೆಂಬುದನ್ನು ಈ ಚಿತ್ರ ನಮಗೆ ತಿಳಿಸುತ್ತದೆ.

ಇಂದು ಪೇಟೆಯಲ್ಲಿ ಯಂತ್ರ ನೇಯ್ದ ಕಂಬಳಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕೌದಿ ಹೊಲಿಯದಿದ್ದರೆ ಯಾರೂ ಚಳಿಯಲ್ಲಿ ಇರಬೇಕಾದ ಕಾಲವಲ್ಲ. ಹಾಗಿರುವಾಗ ಹೊಸಬರು ಈ ಕಷ್ಟ ಏಕೆ ಪಡಬೇಕೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಎಲ್ಲರೂ ಹೊಲಿಯಬೇಕೆಂದು ಯಾರೂ ಹೇಳಲಾರರು. ಆದರೆ ಪ್ರತಿಯೊಂದು ಮನೆಯ ಪೆಟ್ಟಿಗೆಯಲ್ಲಿಯೂ ಎಸೆಯಲಾಗದ, ಉಡಲೂ ಆಗದ ಕೆಲವು ಬಟ್ಟೆಗಳಿರುತ್ತವೆ: ತೀರಿಹೋದ ತಾಯಿಯ ಸೀರೆ, ದೂರದ ಊರಿಗೆ ದುಡಿಯಲು ಹೋದ ಮಗನ ಶಾಲೆಯ ಅಂಗಿ. ಅವು ಜಿರಳೆಗೂ ನುಸಿಗೂ ಆಹಾರವಾಗಬೇಕೇ, ಇಲ್ಲವೇ ಇನ್ನೊಬ್ಬರ ಮೈಯನ್ನು ಬೆಚ್ಚಗಿಡಬೇಕೇ ಎಂಬುದನ್ನು ನಿರ್ಧರಿಸಲು ಮನೆಯಲ್ಲಿ ಸೂಜಿ ಹಿಡಿಯಬಲ್ಲ ಒಬ್ಬರಾದರೂ ಬೇಕು. ಸೂಜಿ ಹಿಡಿಯಬಲ್ಲವರು ಆಕಾಶದಿಂದ ಇಳಿದು ಬರುವುದಿಲ್ಲ. ಡೊಂಕಾದ ಮೊದಲ ಕೌದಿಯನ್ನು ಮುಗಿಸಿದವರೇ ಮುಂದೆ ಬಲ್ಲವರಾಗುತ್ತಾರೆ. ಮೊದಲ ಮೂಲೆಯಲ್ಲಿಯೇ ನಾಚಿ ಕೈಬಿಡುವವರು ಹೆಚ್ಚಾದಂತೆ, ಹೊಲಿಯುವ ಅಜ್ಜಿಯರೊಂದಿಗೆ ಆ ವಿದ್ಯೆಯೂ ಮಣ್ಣು ಸೇರುತ್ತದೆ.

ಹಾಗೆಂದು ಹೊಲಿಗೆಯ ಮಾತು ಹೊಲಿಗೆಯಲ್ಲಿಯೇ ಮುಗಿಯಬೇಕಾಗಿಲ್ಲ. ಹೊಸದಾಗಿ ಮದುವೆಯಾದವರು, ಮೊದಲ ಮಗುವನ್ನು ಸಾಕುವವರು, ರೋಗಿಯ ಶುಶ್ರೂಷೆಯನ್ನು ಏಕಾಏಕಿ ಹೊತ್ತುಕೊಂಡವರು, ನಿವೃತ್ತಿಯ ನಂತರ ಹೊಸ ಸೇವೆಗೆ ಇಳಿದವರು, ಇವರೆಲ್ಲರೂ ಒಂದಲ್ಲ ಒಂದು ಬಗೆಯ ಮೊದಲ ಕೌದಿಯನ್ನು ಹೊಲಿಯುತ್ತಿರುವವರೇ. ಅವರ ಕೈಯಲ್ಲಿ ಡೊಂಕು ಬರುತ್ತದೆ. ಆ ಡೊಂಕಿನಿಂದ ಯಾರಾದರೂ ನೋಯುತ್ತಿದ್ದರೆ ನಿಂತು ಬಿಚ್ಚುವ ಧೈರ್ಯ ಅವರಿಗಿರಲಿ. ಅಂಚಿನಲ್ಲಿ ಕಂಡ ಸುಕ್ಕನ್ನು, ಅಂದರೆ ಇಂದಿನ ಮನಸ್ತಾಪವನ್ನು, ನಾಳೆಗೆ ತಳ್ಳದೆ ಇಂದೇ ಸಮಗೊಳಿಸುವ ಬುದ್ಧಿ ಇರಲಿ. ಯಾರೂ ನೋಯದಿದ್ದರೆ ಆ ಡೊಂಕನ್ನು ಅವರೂ ಕ್ಷಮಿಸಿಕೊಳ್ಳಲಿ, ಸುತ್ತಲಿನ ನಾವೂ ಕಂಡೂ ಕಾಣದಂತಿರೋಣ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಚಳಿಗಾಲದಲ್ಲಿ ಸೂಜಿ ದಾರ ಹಿಡಿದು ಕೂತರೆ, ಅವರ ಸಾಲು ನೇರವಾಗಿದೆಯೇ ಎಂದು ಮೊದಲು ನೋಡಬೇಡಿ. ಇದು ಯಾರಿಗೆ ಎಂದು ಕೇಳಿ. ಆ ಹೆಸರು ಹೇಳುವಾಗ ಅವರ ಮುಖ ಅರಳಿದರೆ ಕೌದಿ ಮುಗಿಯುತ್ತದೆ ಎಂದು ತಿಳಿಯಿರಿ. ಗಂಟು ಹೇಗೆ ಹಾಕಬೇಕೆಂಬುದನ್ನು ಆಮೇಲೆ ಪಕ್ಕದಲ್ಲಿ ಕೂತು ಹೇಳಿಕೊಡಬಹುದು.